ರೈಟ್ ಸಹೋದರರ ವಿಮಾನಕ್ಕೆ ಬಾಲ ಮುಂದಿತ್ತಾ? ಸೈಕಲ್ ಶಾಪ್‌ನವನ ಪ್ರಶ್ನೆ

ರಿಪ್ಪನ್‌ಪೇಟೆ ಸೈಕಲ್

ಎಲ್ಲರಿಗೂ ನಮಸ್ಕಾರ. ನಾನು ರಿಪ್ಪನ್‌ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು 22 ವರ್ಷವಾಯಿತು. ಈಗ ಸೈಕಲ್‌ಗಿಂತ ಬೈಕ್ ಪಂಕ್ಚರ್ ಜಾಸ್ತಿ, ಅದಿರಲಿ. ವಿಮಾನದ ವಿಷಯದಲ್ಲಿ ನನ್ನ ಅನುಭವ ಇಷ್ಟೇ: ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ಏರ್‌ಪೋರ್ಟ್ ಆದ ಮೇಲೆ ಒಂದು ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದೆ. ಬೇಲಿಯ ಹೊರಗೆ ನಿಂತು ಬೆಂಗಳೂರಿನ ವಿಮಾನ ಇಳಿಯುವುದನ್ನು ನೋಡಿ, ಮಂಡಕ್ಕಿ ತಿಂದು ವಾಪಸ್ ಬಂದೆವು.

ಮಗಳು ಎಂಟನೇ ಕ್ಲಾಸು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಮೊದಲ ವಿಮಾನದ ಮಾಡೆಲ್ ಮಾಡಬೇಕು ಎಂದು ಹಟ ಹಿಡಿದಳು. ನಾನು ಜ್ವಾಲಾಮುಖಿ ಮಾಡು, ಅಡಿಗೆ ಸೋಡ ಸಾಕು ಎಂದೆ. "ಅಪ್ಪಾ, ಅವರೂ ನಿನ್ನ ಹಾಗೆ ಸೈಕಲ್ ಅಂಗಡಿಯವರೇ ಅಂತೆ" ಎಂದಳು. ಆ ಮಾತಿಗೆ ಬಿದ್ದುಹೋದೆ.

ಮೊದಲು ಅಡಿಕೆ ಹಾಳೆಯಲ್ಲಿ ರೆಕ್ಕೆ ಮಾಡಿದೆವು. ಭಾರ ಜಾಸ್ತಿಯಾಯಿತು, ಒಣಗುತ್ತಾ ಸೊಟ್ಟಗೂ ಆಯಿತು. ಆಮೇಲೆ ವಾಟೆ ಬಿದಿರು ಸೀಳಿ ಚೌಕಟ್ಟು ಕಟ್ಟಿ, ಗಂಜಿಯಲ್ಲಿ ಪೇಪರ್ ಅಂಟಿಸಿದೆವು. ಸಮಸ್ಯೆ ಬಂದದ್ದು ಚಿತ್ರದಲ್ಲಿ. ಒಂದು ಕಡೆ ದೊಡ್ಡ ರೆಕ್ಕೆ, ಒಂದರ ಮೇಲೊಂದು. ಇನ್ನೊಂದು ಕಡೆ ಪುಟ್ಟ ರೆಕ್ಕೆ ಎರಡು. ಫ್ಯಾನು ದೊಡ್ಡ ರೆಕ್ಕೆಯ ಬೆನ್ನಿಗೆ. ಪುಟ್ಟ ರೆಕ್ಕೆಯೇ ಬಾಲ, ಚಿತ್ರ ತಿರುಗಾಮುರುಗಾ ಪ್ರಿಂಟ್ ಆಗಿದೆ ಎಂದು ಗೊತ್ತಿದ್ದ ಒಬ್ಬರು ಮೇಷ್ಟ್ರು ಹೇಳಿದರು. ನಾವೂ ಹಾಗೇ ಜೋಡಿಸಿದೆವು. ಆಮೇಲೆ ಇನ್ನೊಂದು ಫೋಟೊ ಸಿಕ್ಕಿತು. ಅದರಲ್ಲಿ ಮನುಷ್ಯ ಬೋರಲು ಮಲಗಿದ್ದಾನೆ, ಅವನ ತಲೆ ಪುಟ್ಟ ರೆಕ್ಕೆಯ ಕಡೆಗಿದೆ! ಬಾಲದ ಕಡೆ ಮುಖ ಮಾಡಿ ಯಾರಾದರೂ ವಿಮಾನ ಓಡಿಸುತ್ತಾರಾ?

ಸರಿ, ಪುಟ್ಟ ರೆಕ್ಕೆ ಮುಂದೆ ಮಾಡಿ ಜಗಲಿಯಿಂದ ಬಿಟ್ಟೆವು. ಮುಂಗಾಲೆತ್ತಿದ ಕುದುರೆಯ ಹಾಗೆ ಮೂತಿ ಎತ್ತಿ, ಒಂದು ಕ್ಷಣ ನಿಂತು, ಹಿಂದಕ್ಕೆ ಜಾರಿ ತುಳಸಿಕಟ್ಟೆಗೆ ಬಡಿಯಿತು. ನಾಲ್ಕು ಸಲ ಬಿಟ್ಟರೆ ನಾಲ್ಕು ಸಲವೂ ಹಾಗೇ.

ತಿಳಿದವರು ಹೇಳಿ. ನಿಜಕ್ಕೂ ಅದು ಹಾಗೇ ಹಾರಿತ್ತಾ? ನಮ್ಮದು ಯಾಕೆ ಬೀಳುತ್ತದೆ? ಇನ್ನೊಂದು, ಇದು ನನ್ನ ಸ್ವಂತ ಕುತೂಹಲ: ಓದಿದವರು, ದುಡ್ಡಿರುವವರು ಅಷ್ಟು ಜನ ಇದ್ದಾಗ ಪಂಕ್ಚರ್ ಹಾಕುವವರಿಗೆ ಇದು ಹೇಗೆ ಒಲಿಯಿತು? ನಮ್ಮ ಕೆಲಸದಲ್ಲಿ ಅಂಥದ್ದು ಏನಿದೆ?

ತೋಟಕ್ಕೆ ಮರಳಿದವ

ನಿಮ್ಮ ಎರಡನೇ ಫೋಟೊ ಸರಿ. ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ, ಆದರೆ ಪ್ರಿಂಟ್ ತಪ್ಪಿಲ್ಲ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಊರಿನ ಹತ್ತಿರ ಮರಳದಿಬ್ಬದ ಬುಡದಲ್ಲಿ ಎದ್ದ ಆ ಯಂತ್ರಕ್ಕೆ ಮೂತಿ ಏರಿಸಿ ಇಳಿಸುವ ರೆಕ್ಕೆ ಮುಂದೆಯೇ ಇತ್ತು. ಫ್ಯಾನುಗಳು ಹಿಂದಿನಿಂದ ನೂಕುತ್ತಿದ್ದವು. ಹಿಂದೆ ನೆಟ್ಟಗೆ ನಿಂತ ಎರಡು ಹಲಗೆ ಕಾಣುತ್ತವಲ್ಲ, ಅದು ಎಡ ಬಲಕ್ಕೆ ತಿರುಗುವ ಚುಕ್ಕಾಣಿ.

ನಾನು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ 31 ವರ್ಷ ಇದ್ದೆ. ಈಗ ಕೋಣಂದೂರು ಕಡೆ ಅಪ್ಪನ ತೋಟ, ಕೊಳೆರೋಗ, ಮಂಗನ ಕಾಟ. ಮುಂದಿರುವ ಇಂಥ ಪುಟ್ಟ ರೆಕ್ಕೆಗೆ ನಾವು ಕ್ಯಾನಾರ್ಡ್ ಎನ್ನುತ್ತಿದ್ದೆವು. ಫ್ರೆಂಚ್‌ನಲ್ಲಿ ಬಾತುಕೋಳಿ ಎಂದರ್ಥ. ಬಾತು ಹಾರುವಾಗ ಕತ್ತು ಮುಂದೆ ಚಾಚಿರುತ್ತದೆ, ಅದಕ್ಕೆ. ಇವತ್ತಿನ ರಫೇಲ್‌ಗೂ ಇದೆ, ನಮ್ಮ ಸುಖೋಯ್-30 ಎಂಕೆಐಗೂ ಇದೆ. ಹಾಗಾಗಿ ಮಗಳು ಅದನ್ನು ಹಳೇ ಕಾಲದ ಪೆದ್ದುತನ ಅಂದುಕೊಳ್ಳುವುದು ಬೇಡ.

ಮುಂದೆ ಯಾಕೆ ಇಟ್ಟರು? ಒಬ್ಬರ ಸಾವಿನಿಂದ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಎಂಜಿನ್ ಇಲ್ಲದ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಸುಮಾರು 2000 ಸಲ ತೇಲಿದ್ದರು. ಮೈಯನ್ನು ಅತ್ತಿತ್ತ ವಾಲಿಸಿಯೇ ಹತೋಟಿ. 1896ರ ಆಗಸ್ಟ್ 9ರಂದು ಗಾಳಿಯಲ್ಲಿ ಮೂತಿ ಎದ್ದಿತು, ರೆಕ್ಕೆ ಎತ್ತುವುದನ್ನು ನಿಲ್ಲಿಸಿತು, ಸುಮಾರು 15 ಮೀಟರ್ ಎತ್ತರದಿಂದ ನೆಲಕ್ಕೆ ಬಂದರು. ಒಂದು ಒಳ್ಳೆಯ ಅಡಿಕೆ ಮರದ ಎತ್ತರ. ಮರುದಿನ ತೀರಿಕೊಂಡರು. ಈ ಸುದ್ದಿ ಓದಿದ ಮೇಲೆಯೇ ಡೇಟನ್‌ನ ವಿಲ್ಬರ್ ರೈಟ್ ಗಂಭೀರವಾಗಿ ಈ ವಿಷಯಕ್ಕೆ ಇಳಿದದ್ದು. ಮುಂದೆ ಒಂದು ರೆಕ್ಕೆ ಇದ್ದರೆ ಹಾಗೆ ಮೂತಿ ಮುಂದಾಗಿ ಬೀಳುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸುಳ್ಳಾಗಲಿಲ್ಲ. 1901ರ ಅವರ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಗಾಳಿಯಲ್ಲಿ ನಿಂತುಬಿಟ್ಟಾಗ ನೆಟ್ಟಗೆ ಮೂಗು ಹೊಡೆಯದೆ, ತಟ್ಟೆ ಬಿದ್ದ ಹಾಗೆ ಚಪ್ಪಟೆಯಾಗಿ ಇಳಿಯಿತು.

ಈಗ ನಿಮ್ಮ ಸ್ವಂತ ಪ್ರಶ್ನೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಅದೇ.

ಸೈಕಲ್ ನಿಲ್ಲಿಸಿ ಕೈ ಬಿಡಿ, ಬೀಳುತ್ತದೆ. ಆದರೂ ನಾವು ಓಡಿಸುತ್ತೇವೆ. ಅದನ್ನು ಬೀಳದ ಹಾಗೆ ಮಾಡುವುದು ಸೈಕಲ್ ಅಲ್ಲ, ಮೇಲೆ ಕೂತವನು. ಆಗಿನ ಬಹುಪಾಲು ಜನ ಆಕಾಶದಲ್ಲಿ ಓಡುವ ದೋಣಿಯ ಕನಸು ಕಂಡಿದ್ದರು. ತಾನಾಗಿಯೇ ನೆಟ್ಟಗಿರಬೇಕು, ಚುಕ್ಕಾಣಿ ಆಡಿಸಿದರೆ ಮಟ್ಟಸವಾಗಿ ತಿರುಗಬೇಕು. ಮನುಷ್ಯ ಸುಮ್ನೆ ಕೂತರೆ ಸಾಕು. ಆದರೆ ಸೈಕಲ್ ಗೊತ್ತಿರುವವನಿಗೆ ಬಾಗದೆ ತಿರುಗಲು ಆಗುವುದಿಲ್ಲ ಎಂಬುದು ಮೈಯಲ್ಲೇ ಗೊತ್ತಿರುತ್ತದೆ. ಆಗುಂಬೆ ಘಾಟಿಯಲ್ಲಿ ಸೈಕಲ್ ಇಳಿಸಿದ್ದೀರಾ? ಹಾಗಾದರೆ ನಾನು ವಿವರಿಸುವುದೇ ಬೇಡ. ವಿಮಾನವೂ ತಿರುಗುವಾಗ ಬಾಗಬೇಕು, ಬಾಗಿಸುವ ಹಿಡಿತ ಓಡಿಸುವವನ ಕೈಯಲ್ಲಿರಬೇಕು. ಇದನ್ನು ಮೊದಲೇ ಹಿಡಿದು, ಎಂಜಿನ್ ಆಮೇಲೆ ನೋಡೋಣ ಎಂದದ್ದೇ ಆ ಅಣ್ಣತಮ್ಮಂದಿರ ಜಾಣತನ.

ಬಾಗಿಸುವುದು ಹೇಗೆ? ಹದ್ದು ರೆಕ್ಕೆಯ ತುದಿಯನ್ನು ತಿರುಚುವುದನ್ನು ವಿಲ್ಬರ್ ನೋಡಿದ್ದರು. 1899ರಲ್ಲಿ ಒಂದು ದಿನ ಅಂಗಡಿಯಲ್ಲಿ ಗಿರಾಕಿಯೊಂದಿಗೆ ಮಾತಾಡುತ್ತಾ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯನ್ನು ಕೈಯಲ್ಲಿ ತಿರುಚುತ್ತಿದ್ದರು. ಒಂದು ತುದಿ ಮೇಲಕ್ಕೆ, ಇನ್ನೊಂದು ತುದಿ ಕೆಳಕ್ಕೆ, ಆದರೆ ಡಬ್ಬಿ ಗಟ್ಟಿಯಾಗಿಯೇ ಇದೆ. ಎರಡಂತಸ್ತಿನ ರೆಕ್ಕೆಯನ್ನೂ ಹೀಗೇ ತಿರುಚಬಹುದಲ್ಲ ಎಂದು ಹೊಳೆಯಿತು. ನಿಮ್ಮ ಅಂಗಡಿಯಲ್ಲೂ ಅಂಥ ಡಬ್ಬಿ ಇರುತ್ತದೆ, ತಿರುಚಿ ನೋಡಿ. ನಾನು ಮೊಮ್ಮಗನಿಗೆ ಟೂತ್‌ಪೇಸ್ಟ್ ಡಬ್ಬಿಯಲ್ಲಿ ತೋರಿಸಿದೆ. 1903ರ ಯಂತ್ರದಲ್ಲಿ ಬೋರಲು ಮಲಗಿದವನು ಸೊಂಟವನ್ನು ಅತ್ತಿತ್ತ ಸರಿಸಿದರೆ ತಂತಿಗಳು ರೆಕ್ಕೆಯನ್ನು ತಿರುಚುತ್ತಿದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ಯಾವ ಕಡೆ ರೆಕ್ಕೆ ಮೇಲೇಳುತ್ತದೋ ಆ ಕಡೆ ಗಾಳಿ ಹಿಂದಕ್ಕೆ ಎಳೆಯುವುದೂ ಜಾಸ್ತಿ. ಎಡಕ್ಕೆ ಬಾಗಿಸಿದರೆ ಮೂತಿ ಬಲಕ್ಕೆ ಹೋಗುತ್ತದೆ. 1902ರಲ್ಲಿ ಹೀಗೆ ಸುತ್ತಿಕೊಂಡು ಮರಳಿಗೆ ಬೀಳುತ್ತಿದ್ದರು, ಅದಕ್ಕೆ ಬಾವಿ ತೋಡುವುದು ಎಂದು ತಾವೇ ಹೆಸರಿಟ್ಟಿದ್ದರು. ಅಕ್ಟೋಬರ್‌ನ ಒಂದು ರಾತ್ರಿ ಕಾಫಿ ಹೆಚ್ಚಾಗಿ ತಮ್ಮ ಆರ್ವಿಲ್‌ಗೆ ನಿದ್ದೆ ಬರಲಿಲ್ಲ. ಹಿಂದಿನ ಚುಕ್ಕಾಣಿಯನ್ನು ತಿರುಗುವಂತೆ ಮಾಡಬೇಕು ಎಂದು ಆಗ ಹೊಳೆಯಿತು. ಬೆಳಿಗ್ಗೆ ವಿಲ್ಬರ್ ಕೇಳಿ, ಅದನ್ನು ರೆಕ್ಕೆ ತಿರುಚುವ ತಂತಿಗೇ ಕಟ್ಟಿಬಿಡೋಣ ಎಂದರು. ನನ್ನನ್ನು ಕೇಳಿದರೆ ವಿಮಾನ ಹುಟ್ಟಿದ್ದು ಆ ಬೆಳಿಗ್ಗೆ. ಡಿಸೆಂಬರ್ 17 ನಾಮಕರಣ ಅಷ್ಟೇ.

ಭದ್ರಾವತಿ ಎಕ್ಸ್‌ಪ್ರೆಸ್

ಇದೆಲ್ಲ ಅಮೆರಿಕದವರು ಹೊಡೆಸಿದ ಡಂಗುರ. 12 ಸೆಕೆಂಡು, 120 ಅಡಿ ಒಂದು ಹಾರಾಟವಾ? ನಮ್ಮ ಮನೆ ಕೋಳಿ ಅಷ್ಟು ಹಾರುತ್ತದೆ. ಮರದ ಹಳಿ ಬೇರೆ ಬೇಕಿತ್ತು, ಎದುರುಗಾಳಿ ಬೇರೆ. 1906ರಲ್ಲಿ ಪ್ಯಾರಿಸ್‌ನಲ್ಲಿ ಬ್ರೆಜಿಲ್‌ನ ಸಾಂಟೋಸ್ ಡ್ಯೂಮಾಂಟ್ ಚಕ್ರದ ಮೇಲೆ ಓಡಿ, ಜನರ ಕಣ್ಣೆದುರೇ ಮೇಲೆದ್ದು ನವೆಂಬರ್ 12ರಂದು 220 ಮೀಟರ್ ಹಾರಿದರು. ನನಗೆ ಅದೇ ಮೊದಲ ವಿಮಾನ.

ತೋಟಕ್ಕೆ ಮರಳಿದವ

ಎಕ್ಸ್‌ಪ್ರೆಸ್ ಅವರೇ, ಕೋಳಿಯ ಮಾತು ಒಪ್ಪಿದೆ. 120 ಅಡಿ ಎಂದರೆ ಎರಡೂವರೆ ಅಡಿಕೆ ಮರ ಕಡಿದು ಉದ್ದಕ್ಕೆ ಮಲಗಿಸಿದಷ್ಟು. ಸೋಗಾನೆಗೆ ಬರುವ ಎಟಿಆರ್ ವಿಮಾನವೇ 27 ಮೀಟರ್ ಉದ್ದ ಇದೆ, ಆ ಹಾರಾಟ ಅದಕ್ಕಿಂತ ಹತ್ತು ಮೀಟರೂ ಜಾಸ್ತಿ ಇರಲಿಲ್ಲ. ನೆಲದ ಲೆಕ್ಕದಲ್ಲಿ ವೇಗ ಗಂಟೆಗೆ 11 ಕಿಲೋಮೀಟರ್. ಸೈಕಲ್‌ನವರ ಮಗಳು ಸೈಕಲ್ ತುಳಿದು ಹಿಂದೆ ಹಾಕಬಹುದಿತ್ತು! ವಿಲ್ಬರ್ ಪಕ್ಕದಲ್ಲಿ ಓಡುತ್ತಿದ್ದದ್ದು ಫೋಟೊದಲ್ಲೇ ಇದೆ. ಆದರೆ ಅದೇ ದಿನ ನಾಲ್ಕನೇ ಸಲ 59 ಸೆಕೆಂಡು, 852 ಅಡಿ ಹಾರಿದರು. ಮತ್ತೆ 1905ರ ಅಕ್ಟೋಬರ್ 5ರಂದು ಡೇಟನ್ ಹತ್ತಿರದ ದನ ಮೇಯುವ ಬಯಲಿನ ಮೇಲೆ ಸುತ್ತು ಹಾಕುತ್ತಾ ಸುಮಾರು 39 ಕಿಲೋಮೀಟರ್, 39 ನಿಮಿಷ. ಶಿವಮೊಗ್ಗದಿಂದ ನಿಮ್ಮ ಭದ್ರಾವತಿಗೆ ಬಂದು ವಾಪಸ್ ಹೋದಷ್ಟು. ಪ್ಯಾರಿಸ್‌ನ 220 ಮೀಟರ್ ಅದಾಗಿ ಒಂದು ವರ್ಷದ ಮೇಲೆ.

ಆದರೆ ಒಂದು ಮಾತು ನಿಮ್ಮದು ನಿಜ. ಪೇಟೆಂಟ್ ಭಯಕ್ಕೆ ಅವರು ಹೆಚ್ಚು ಜನಕ್ಕೆ ತೋರಿಸದೆ ಮುಚ್ಚಿಟ್ಟುಕೊಂಡರು. 1908ರಲ್ಲಿ ವಿಲ್ಬರ್ ಫ್ರಾನ್ಸ್‌ಗೆ ಹೋಗಿ ಹಾರಿ ತೋರಿಸುವವರೆಗೆ ಅಲ್ಲಿನವರು ಸುಳ್ಳುಗಾರರು ಎಂದೇ ಅಂದುಕೊಂಡಿದ್ದರು. ಆಮೇಲೆ ಕೋರ್ಟು, ಕಚೇರಿ ಎಂದು ವರ್ಷಗಟ್ಟಲೆ ಹೊಡೆದಾಡಿದರು. ಅಷ್ಟರಲ್ಲಿ ಫ್ರಾನ್ಸ್‌ನವರು ಮುಂದೆ ಹೋದರು. 1909ರ ಜುಲೈ 25ರಂದು ಬ್ಲೆರಿಯೊ ಇಂಗ್ಲಿಷ್ ಕಾಲುವೆ ದಾಟಿದ್ದು ಒಂದೇ ಜೊತೆ ರೆಕ್ಕೆ, ಮುಂದೆ ಎಂಜಿನ್, ಹಿಂದೆ ಬಾಲ ಇರುವ ವಿಮಾನದಲ್ಲಿ. ನಾವು ಈಗ ಮಕ್ಕಳಿಗೆ ಬಿಡಿಸಿ ಕೊಡುವ ವಿಮಾನದ ಆಕಾರ ಅಲ್ಲಿಂದ ಬಂದದ್ದು, ರೈಟ್ ಅವರಿಂದ ಅಲ್ಲ.

ರಿಪ್ಪನ್‌ಪೇಟೆ ಸೈಕಲ್

ಸೊಂಟದಲ್ಲಿ ತಿರುಗಿಸುವುದು ಓದಿ ನಮ್ಮೂರಲ್ಲಿ ಅಡಿಕೆ ಕೊಯ್ಯುವ ಕೊನೆಗಾರ ನೆನಪಾದ. ಒಂದು ಮರದ ತುದಿಯಲ್ಲಿ ಕೂತು ಸೊಂಟದಲ್ಲೇ ಮರ ತೂಗಿ ಪಕ್ಕದ ಮರ ಹಿಡಿಯುತ್ತಾನೆ. ಕೆಳಗೆ ನೋಡುವ ನಮಗೆ ಎದೆ ಝಲ್ ಎನ್ನುತ್ತದೆ, ಅವನು ಮೇಲೆ ಎಲೆಯಡಿಕೆ ಹಾಕುತ್ತಿರುತ್ತಾನೆ.

ಚೈನ್ ಬಗ್ಗೆ ಯಾರಾದರೂ ಹೇಳಿ. ಚಿತ್ರದಲ್ಲಿ ಎಂಜಿನ್‌ನಿಂದ ಫ್ಯಾನಿಗೆ ಚೈನ್ ಹೋಗಿದೆ, ಅದರಲ್ಲಿ ಒಂದು ಅಡ್ಡಡ್ಡ ಎಂಟರ ಆಕಾರದಲ್ಲಿದೆ. ನಾನು ಹಾಗೆ ಹಾಕಿದರೆ ಗಿರಾಕಿ ಅಂಗಡಿ ಕಟ್ಟೆ ಇಳಿಯುವ ಮೊದಲೇ ಚೈನ್ ಬೀಳುತ್ತದೆ.

ತೋಟಕ್ಕೆ ಮರಳಿದವ

ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ಎರಡೂ ಫ್ಯಾನು ಒಂದೇ ಕಡೆ ತಿರುಗಿದರೆ ಯಂತ್ರವನ್ನೇ ಒಂದು ಕಡೆಗೆ ತಿರುಚುತ್ತದೆ. ಎದುರುಬದುರು ತಿರುಗಿಸಲು ಒಂದು ಚೈನನ್ನು ಅಡ್ಡ ಹಾಕಿದರು. ಬೀಳದಿರಲಿ, ಅದುರದಿರಲಿ ಎಂದು ಚೈನನ್ನು ಲೋಹದ ಕೊಳವೆಗಳೊಳಗೆ ಹಾಯಿಸಿದರು. ಆದರೂ ಕಾಟ ತಪ್ಪಲಿಲ್ಲ. 1903ರ ನವೆಂಬರ್‌ನಲ್ಲಿ ಎಂಜಿನ್ ಶುರು ಮಾಡಿದರೆ ಫ್ಯಾನಿನ ಹಲ್ಲುಚಕ್ರ ಸಡಿಲವಾಗುತ್ತದೆ, ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಕೊನೆಗೆ ಏನು ಮಾಡಿದರು ಗೊತ್ತಾ? ಸೈಕಲ್ ಟಯರನ್ನು ರಿಮ್ಮಿಗೆ ಅಂಟಿಸುವ ಅಂಟು ಕಾಯಿಸಿ ತಿರುಪಿನ ಸುತ್ತುಗಳಿಗೆ ಸುರಿದರು. ನಿಂತಿತು. ಕಾರ್ಖಾನೆಯಲ್ಲಿ ನಮ್ಮ ಇನ್ಸ್‌ಪೆಕ್ಟರ್‌ಗೆ ಇದನ್ನು ಹೇಳಿದರೆ ಎದೆ ಹಿಡಿದುಕೊಳ್ಳುತ್ತಿದ್ದರು.

ಸೈಕಲ್ ಇನ್ನೂ ಎಲ್ಲೆಲ್ಲಿ ಇತ್ತು ಕೇಳಿ. 60 ಅಡಿಯ ಮರದ ಹಳಿಯ ಮೇಲೆ ವಿಮಾನ ಕೂರಿಸಿದ ಗಾಡಿಗೆ ಇದ್ದದ್ದು ಸೈಕಲ್ ಹಬ್‌ಗಳು. ಹಳಿಯ ಖರ್ಚು 4 ಡಾಲರ್. 1901ರಲ್ಲಿ ಅವರ ಗ್ಲೈಡರ್ ಲೆಕ್ಕದ ಮೂರನೇ ಒಂದು ಪಾಲಷ್ಟೇ ಎತ್ತುತ್ತಿತ್ತು. ತಪ್ಪು ತಮ್ಮದೋ ಲೆಕ್ಕದ್ದೋ ನೋಡಲು ಸೈಕಲ್ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡ ಮಲಗಿಸಿ ಕಟ್ಟಿದರು. ಅದಕ್ಕೆ ಒಂದು ಬಾಗಿದ ತಗಡು, ಒಂದು ಚಪ್ಪಟೆ ತಗಡು. ಜೋರಾಗಿ ತುಳಿದರೆ ಎದುರುಗಾಳಿ ಬರುತ್ತದೆ. ಪುಸ್ತಕದ ಅಂಕಿ ಸರಿಯಿದ್ದರೆ ಚಕ್ರ ತಿರುಗದೆ ನಿಲ್ಲಬೇಕು. ತಿರುಗಿತು! ಆಮೇಲೆ ಆರಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಫ್ಯಾನಿನಲ್ಲಿ ಗಾಳಿ ಬಿಟ್ಟು, ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷೆ ಮಾಡಿದರು. ಒಳಗಿನ ತಕ್ಕಡಿ ಯಾವುದರದ್ದು? ಹಳೇ ಹ್ಯಾಕ್ಸಾ ಬ್ಲೇಡು, ಸೈಕಲ್ ಕಡ್ಡಿ. ಎಲ್ಲರೂ ನೂರಕ್ಕೂ ಹೆಚ್ಚು ವರ್ಷ ಕಣ್ಣು ಮುಚ್ಚಿ ಬಳಸುತ್ತಿದ್ದ ಗಾಳಿಯ ಒತ್ತಡದ ಅಂಕಿ 0.005 ಇತ್ತು. ಅವರಿಗೆ ಸಿಕ್ಕಿದ್ದು 0.0033 ಸುತ್ತಮುತ್ತ. ಸಿಕ್ಕಿದ ಇನ್ನೊಂದು ಪಾಠ, ರೆಕ್ಕೆ ಉದ್ದ ಜಾಸ್ತಿ, ಅಗಲ ಕಮ್ಮಿ ಇರಬೇಕು ಎಂಬುದು.

ಎಂಜಿನ್ ಮಾಡಿದ್ದು ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಆರು ವಾರ, ಒಂದು ಲೇಥು, ಒಂದು ಡ್ರಿಲ್. 12 ಅಶ್ವಶಕ್ತಿ, ಈಗಿನ 150 ಸಿಸಿ ಬೈಕಿನಷ್ಟು. ಕಾರ್ಬುರೇಟರ್ ಕೂಡ ಇರಲಿಲ್ಲ. ಈ ಮನುಷ್ಯನ ಹೆಸರು ಎಷ್ಟು ಜನಕ್ಕೆ ಗೊತ್ತು? ನನಗೆ ಇದರ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ, ಸ್ಪ್ಯಾನರ್ ಹಿಡಿದವನ ಹೊಟ್ಟೆಕಿಚ್ಚು.

ದುಡ್ಡಿನ ಮಾತು ಕೇಳಿದಿರಿ. ಸ್ಯಾಮ್ಯುಯೆಲ್ ಲ್ಯಾಂಗ್ಲಿ ದೊಡ್ಡ ವಿಜ್ಞಾನಿ. ಸರ್ಕಾರ 50,000 ಡಾಲರ್ ಕೊಟ್ಟಿತ್ತು. ಅವರ ಎಂಜಿನ್ 52 ಅಶ್ವಶಕ್ತಿ, ಆ ಕಾಲಕ್ಕೆ ಅದ್ಭುತ. ಆದರೆ ಗಾಳಿಯಲ್ಲಿ ವಾಲಿದರೆ ಸರಿಮಾಡಲು ಓಡಿಸುವವನ ಕೈಯಲ್ಲಿ ಏನೂ ಇರಲಿಲ್ಲ, ಮೈಕಟ್ಟೂ ದುರ್ಬಲ. ಡಿಸೆಂಬರ್ 8ರಂದು ಎರಡನೇ ಸಲ ಪೊಟೊಮ್ಯಾಕ್ ನದಿಗೆ ಬಿತ್ತು. ಒಂಬತ್ತು ದಿನ ಬಿಟ್ಟು, ಒಟ್ಟು 1000 ಡಾಲರ್‌ಗಿಂತ ಕಮ್ಮಿ ಖರ್ಚು ಮಾಡಿದವರು ಹಾರಿದರು.

ಸಾಗರದ ಭೌತಶಾಸ್ತ್ರ

ತಡವಾಗಿ ಬಂದೆ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಿರಿಯರು ಚರಿತ್ರೆ ಹೇಳಿದರು, ಆದರೆ ಮಗುವಿನ ಮಾಡೆಲ್ ಇನ್ನೂ ತುಳಸಿಕಟ್ಟೆಗೆ ಬಡಿಯುತ್ತಲೇ ಇದೆಯಲ್ಲ!

ನಿಮ್ಮ ವಿಮಾನದ ತೂಕ ಹಿಂದಿದೆ. ಕೆಳಗಿನ ದೊಡ್ಡ ರೆಕ್ಕೆಯ ಅಡಿಗೆ ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಿ ನೋಡಿ. ದೊಡ್ಡ ರೆಕ್ಕೆಯ ಮಧ್ಯಕ್ಕೆ ಸಮ ನಿಲ್ಲುತ್ತಿದ್ದರೆ ಅದು ಹಾರುವುದಿಲ್ಲ. ಬಾಲ ಹಿಂದಿರುವ ವಿಮಾನಕ್ಕೆ ಅದು ಹೇಗೋ ನಡೆಯುತ್ತದೆ. ಬಾತುಕೋಳಿಗೆ ಸಮತೂಕದ ಜಾಗ ದೊಡ್ಡ ರೆಕ್ಕೆಯ ಮುಂದಂಚಿಗಿಂತಲೂ ಮುಂದೆ ಬರಬೇಕು. ಮೂತಿಗೆ ಜೇಡಿಮಣ್ಣು ಮೆತ್ತಿ. ಇನ್ನೊಂದು, ಮುಂದಿನ ಪುಟ್ಟ ರೆಕ್ಕೆಯ ಮುಂದಂಚನ್ನು ಒಂದು ಚೂರು ಮೇಲೆತ್ತಿ, ದೊಡ್ಡ ರೆಕ್ಕೆಗಿಂತ ಜಾಸ್ತಿ. ಆಗ ವೇಗ ತಗ್ಗಿದಾಗ ಪುಟ್ಟದು ಮೊದಲು ಸೋಲುತ್ತದೆ, ಮೂತಿ ತಾನಾಗಿ ಇಳಿಯುತ್ತದೆ, ವೇಗ ಮತ್ತೆ ಬರುತ್ತದೆ.

ಬೇಸರ ಬೇಡ, ಈ ತಪ್ಪು ರೈಟ್ ಅವರದ್ದೂ ಹೌದು. 1903ರ ಯಂತ್ರದ ತೂಕವೂ ಹಿಂದೆ ಇತ್ತು. ಹಾರುವಾಗ ಅಲೆಯ ಹಾಗೆ ಏರಿ ಇಳಿಯುತ್ತಿತ್ತು. 1904ರಲ್ಲಿ ಮೂತಿಗೆ 70 ಪೌಂಡ್ ಕಬ್ಬಿಣ ಕಟ್ಟಿದರು, ಅಂದರೆ ಸುಮಾರು 32 ಕಿಲೊ. 1910ರಲ್ಲಿ ಆ ರೆಕ್ಕೆಯನ್ನು ಹಿಂದಕ್ಕೇ ಒಯ್ದರು.

ನಿಜ ಹೇಳಬೇಕೆಂದರೆ ಬಾಲ ಹಿಂದಿದ್ದರೆ ನೆಮ್ಮದಿ ಎಂಬುದು ಆಗಲೇ ಗೊತ್ತಿತ್ತು. ಫ್ರಾನ್ಸ್‌ನ ಆಲ್ಫೋನ್ಸ್ ಪೆನೊ 1871ರಲ್ಲೇ ರಬ್ಬರ್ ಸುತ್ತಿ ಬಿಡುವ ಪುಟ್ಟ ಆಟಿಕೆ ವಿಮಾನ ಮಾಡಿದ್ದರು, ಬಾಲ ಹಿಂದೆ. ಪ್ಯಾರಿಸ್‌ನ ಉದ್ಯಾನದಲ್ಲಿ ಅದು 11 ಸೆಕೆಂಡಿನಲ್ಲಿ 131 ಅಡಿ ಹೋಯಿತು. ಮನುಷ್ಯ ಹಾರಿದ ಆ ಮೊದಲ 120 ಅಡಿಗಿಂತ ಜಾಸ್ತಿ! ತಮಾಷೆ ಏನೆಂದರೆ, ರೈಟ್ ಅಣ್ಣತಮ್ಮಂದಿರು ಚಿಕ್ಕವರಿದ್ದಾಗ ಅಪ್ಪ ತಂದುಕೊಟ್ಟ ರಬ್ಬರ್ ಬ್ಯಾಂಡಿನ ಹೆಲಿಕಾಪ್ಟರ್ ಆಟಿಕೆಯೂ ಇದೇ ಪೆನೊ ಅವರ ನಮೂನೆಯದು. ಮಗಳಿಗೆ ಬೇಗ ಗೆಲ್ಲಬೇಕಿದ್ದರೆ ಪೆನೊ ಮಾಡೆಲ್ ಮಾಡಲಿ.

ರಿಪ್ಪನ್‌ಪೇಟೆ ಸೈಕಲ್

ಮೇಡಂ, ಪೆನೊ ಮಾಡೆಲ್ ಮಾಡೋಣವಾ ಎಂದು ಕೇಳಿದೆ. ಅವರು ಸೈಕಲ್ ಅಂಗಡಿಯವರಾ ಎಂದಳು. ಅಲ್ಲ ಎಂದೆ. ಹಾಗಾದರೆ ಬೇಡವಂತೆ.

ಮೂತಿಗೆ ಜೇಡಿಮಣ್ಣು ಮೆತ್ತಿದೆವು. ಒಣಗಿ ಉದುರಿತು. ಎಂ-ಸೀಲ್ ಹಾಕಿದೆ. ನೀವು ಹೇಳಿದ ಹಾಗೆ ಪುಟ್ಟ ರೆಕ್ಕೆಯ ಕೆಳಗೆ ಬೆಂಕಿಕಡ್ಡಿ ಕೊಟ್ಟು ಮೂಗು ಎತ್ತಿದೆವು. ನಿನ್ನೆ ಸಂಜೆ ಗಾಳಿ ಇರಲಿಲ್ಲ. ಜಗಲಿಯಿಂದ ಬಿಟ್ಟರೆ ತುಳಸಿಕಟ್ಟೆ ದಾಟಿತು! ಅಡಿಕೆ ಒಣಹಾಕಿದ ಅಂಗಳವನ್ನೂ ದಾಟಿತು. ಆದರೆ ನೆಟ್ಟಗೆ ಹೋಗಲಿಲ್ಲ, ಎಡಕ್ಕೆ ವಾಲುತ್ತಾ ವಾಲುತ್ತಾ ಹೋಗಿ ಕೊಟ್ಟಿಗೆಗೆ ನುಗ್ಗಿತು. ಎಮ್ಮೆ ಬೆದರಿ ಹಗ್ಗ ಕಿತ್ತುಕೊಂಡಿತು, ಮನೆಯವಳ ಕೈಲಿ ಇಬ್ಬರಿಗೂ ಆಯಿತು.

ಎರಡೂ ರೆಕ್ಕೆ ಅಳೆದೆ, ಬಲಗಡೆಯದ್ದು ಒಂದು ಬೆರಳು ಉದ್ದ ಇದೆ. ಸೀಳುವಾಗ ನಾನೇ ತಪ್ಪಿದೆ ಅಂದುಕೊಂಡೆ. ಮಗಳು ಬೇಕೆಂದೇ ಹಾಗೆ ಕತ್ತರಿಸಿದ್ದಾಳೆ! ಎಲ್ಲೋ ಓದಿದ್ದಳಂತೆ, ನಿಜದ ವಿಮಾನಕ್ಕೂ ಬಲ ರೆಕ್ಕೆ ನಾಲ್ಕು ಇಂಚು ಉದ್ದ ಇತ್ತು ಎಂದು. ಹೌದಾ?

ತೋಟಕ್ಕೆ ಮರಳಿದವ

ಹೌದು! ಮಗಳು ನನಗಿಂತ ಚೆನ್ನಾಗಿ ನೋಡಿದ್ದಾಳೆ. ಓಡಿಸುವವನು ನಡುವಿಗಿಂತ ಎಡಕ್ಕೆ ಮಲಗುತ್ತಿದ್ದ, ಎಂಜಿನ್ ಬಲಕ್ಕೆ. ಎಂಜಿನ್ ಬಿಚ್ಚಿ ಬಂದರೂ ಅವನ ಮೇಲೆ ಬೀಳಬಾರದು ಎಂದು. ಎಂಜಿನ್ ಮನುಷ್ಯನಿಗಿಂತ ಭಾರ, ಅದನ್ನು ಹೊರಲು ಬಲ ರೆಕ್ಕೆ ಚೂರು ಉದ್ದ. ನಿಮ್ಮ ಮಾಡೆಲ್‌ನಲ್ಲಿ ಬಲಕ್ಕೆ ಎಂಜಿನ್ ಇದೆಯಾ?

ರಿಪ್ಪನ್‌ಪೇಟೆ ಸೈಕಲ್

ಇರಲಿಲ್ಲ. ಎಡಕ್ಕೆ ಮಣ್ಣಿನ ಗೊಂಬೆ ಮಲಗಿಸಿದ್ದಳು, ಬಲಕ್ಕೆ ಏನೂ ಇಟ್ಟಿರಲಿಲ್ಲ. ಈಗ ಬಲಗಡೆಗೆ ಹಿಂಚಕ್ರದ ಆಕ್ಸಲ್ ನಟ್ ಒಂದು ಅಂಟಿಸಿದ್ದೇವೆ, ಟ್ಯೂಬ್ ಸೊಲ್ಯೂಷನ್‌ನಲ್ಲೇ. ಎಮ್ಮೆಯನ್ನು ತೋಟದ ಕಡೆ ಕಟ್ಟಿ ಬಂದಿದ್ದೇನೆ. ಸೊಲ್ಯೂಷನ್ ಒಣಗಲಿ, ಸಂಜೆ ಬಿಡುತ್ತೇವೆ.